ಊರಿನ ಮನೆ ಮಾರುವವರಿಗೆ ಮೋಜಣಿಯ ಪಾಠ

ನಮ್ಮ ವಾಚನಾಲಯಕ್ಕೆ ಬರುವ ಬಂಧುಗಳಲ್ಲಿ ಅನೇಕರಿಗೆ ಊರಿನಲ್ಲಿ ಒಂದು ಮನೆಯುಂಟು. ತಂದೆಯ ಕಾಲದ್ದು; ಬಾಗಿಲಿಗೆ ಬೀಗ; ಜಾತ್ರೆಗೆ ಹೋದಾಗ ಕಸ ಗುಡಿಸಿ ದೀಪ ಹಚ್ಚಿ ಬರುವುದು. ಎಂದೋ ಒಂದು ದಿನ, ಮಗಳ ಮದುವೆಗೋ ಇಲ್ಲಿ ಒಂದು ಖೋಲಿ ಕೊಳ್ಳುವುದಕ್ಕೋ, ಅದನ್ನು ಮಾರುವ ಪ್ರಸಂಗ ಬರುತ್ತದೆ. ಕೈಯಲ್ಲಿರುವುದು ಎಂಟು ದಿನದ ರಜೆ. ಅಷ್ಟರಲ್ಲಿ ಬೆಲೆಯ ಮಾತು ಮುಗಿದೀತು. ಅಳತೆಯ ಮಾತು ಮುಗಿಯುವುದಿಲ್ಲ.

ಗದಗ ಕಡೆಯ ಒಂದು ಹಳ್ಳಿಯವರಾದ ನಮ್ಮ ಸದಸ್ಯರೊಬ್ಬರು ಹೀಗೆಯೇ ಮನೆ ಮಾರಲು ಹೊರಟರು. ಒಂದು ಗೋದಾಮಿನಲ್ಲಿ ಲೆಕ್ಕ ಬರೆಯುವವರು, ಅಂಕೆಯಲ್ಲಿ ತಪ್ಪುವವರಲ್ಲ. ಸಂಚಕಾರ ತೆಗೆದುಕೊಂಡು, ಎರಡು ತಿಂಗಳೊಳಗೆ ನೋಂದಣಿ ಮಾಡಿಕೊಡದಿದ್ದರೆ ಇಮ್ಮಡಿ ಹಿಂದಿರುಗಿಸುವೆನೆಂದು ರುಜು ಹಾಕಿ ಬಂದರು. ಬಂದ ಮೇಲೆ ಕಾಗದ ಬಿಚ್ಚಿ ನೋಡಿದರು. ತಂದೆಯ ಹೆಸರಿನ 1958ರ ಖರೇದಿ ಪತ್ರದಲ್ಲಿ 'ಹನ್ನೆರಡು ಖಣದ ಮನೆ, ಹಿಂದಿನ ಹಿತ್ತಲು ಸಹಿತ' ಎಂದಿತ್ತು. ಪಂಚಾಯಿತಿಯ ತೆರಿಗೆ ಪುಸ್ತಕದಲ್ಲಿ 30 ಅಡಿ, 40 ಅಡಿ. ಊರಲ್ಲಿರುವ ತಮ್ಮ ಟೇಪು ಹಿಡಿದಾಗ ಸಿಕ್ಕಿದ್ದು 33 ಅಡಿ, 42 ಅಡಿ. ಮನೆ ಒಂದೇ, ಅಳತೆ ಮೂರು. ಯಾವುದನ್ನು ಬರೆದು ಮಾರುವುದು?

ಇದಕ್ಕೆ ಉತ್ತರ ಹೇಳುವ ಮೊದಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ನಮ್ಮ ಕಡೆಯ ಮೋಜಣಿಯ ಮೂಲ ಈ ಮಹಾರಾಷ್ಟ್ರದಲ್ಲೇ ಇದೆ. 1835ರಲ್ಲಿ ಪುಣೆ ಜಿಲ್ಲೆಯ ಇಂದಾಪುರ ತಾಲೂಕಿನಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬಿಬ್ಬರು ಅಧಿಕಾರಿಗಳು ಹೊಲಗಳನ್ನು ಅಳೆದು ನಂಬರು ಕೊಡುವ ಪದ್ಧತಿಯನ್ನು ಆರಂಭಿಸಿದರು. ಅದೇ ಪದ್ಧತಿ ಧಾರವಾಡ, ಬೆಳಗಾವಿಯ ಕಡೆಗೂ, 1863ರ ಬಳಿಕ ಹಳೆಯ ಮೈಸೂರಿಗೂ ಹಬ್ಬಿತು. ಸರಪಳಿಯ ಉದ್ದ 33 ಅಡಿ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ನೆಲವೇ ಒಂದು ಗುಂಟೆ, ಅಂದರೆ 1,089 ಚದರಡಿ. ಗುಂಟೆಗೆ ಹದಿನಾರು ಆಣೆ, ಎಕರೆಗೆ ನಲವತ್ತು ಗುಂಟೆ. (ಮಂಗಳೂರು, ಉಡುಪಿಯ ಬಂಧುಗಳು ಸೆಂಟ್ಸಿನ ಲೆಕ್ಕದವರು. ಎರಡೂವರೆ ಸೆಂಟ್ಸಿಗೆ ಒಂದು ಗುಂಟೆ ಎಂದು ನೆನಪಿಟ್ಟರೆ ಸಾಕು.)

ಆದರೆ ಆ ಮೋಜಣಿ ನಡೆದದ್ದು ಹೊಲದ ಕಂದಾಯಕ್ಕಾಗಿ. ಜನ ವಾಸಿಸುವ ಊರನ್ನು ಗ್ರಾಮಠಾಣವೆಂದು ಒಟ್ಟಿಗೆ ಗೆರೆ ಎಳೆದು ಬಿಟ್ಟುಬಿಟ್ಟರು. ಅದರೊಳಗಿನ ಮನೆಮನೆಯನ್ನು ಯಾರೂ ಅಳೆಯಲಿಲ್ಲ. 'ನಮ್ಮ ಮನೆಗೆ ಸರ್ವೆ ನಂಬರೇ ಇಲ್ಲವಲ್ಲ, ಏನೋ ದೋಷವಿದೆ' ಎಂದು ಗಾಬರಿಯಾಗುವವರು ಇದನ್ನು ತಿಳಿಯಬೇಕು. ನಂಬರು ಕಳೆದುಹೋದದ್ದಲ್ಲ, ಮೊದಲಿಂದ ಇದ್ದಿಲ್ಲ. ಇನ್ನು ಖಣವೆಂದರೆ ಎರಡು ಕಂಬಗಳ ನಡುವಣ ಅವಕಾಶ, ಮೈಸೂರು ಕಡೆಯವರು ಅಂಕಣವೆನ್ನುತ್ತಾರೆ. ಬಡಗಿ ತಂದ ತೊಲೆಯ ಉದ್ದದಂತೆ ಅದು ಹಿಗ್ಗುತ್ತದೆ, ಕುಗ್ಗುತ್ತದೆ. ಅದನ್ನು ಅಡಿಗೆ ತಿರುಗಿಸುವ ಕೋಷ್ಟಕವಿಲ್ಲ.

ಆದುದರಿಂದ ಮೊದಲು ವಿಚಾರಿಸತಕ್ಕದ್ದು, ನಿಮ್ಮ ಮನೆ ಯಾವ ಬಗೆಯ ನೆಲದ ಮೇಲೆ ನಿಂತಿದೆ ಎಂಬುದನ್ನು. ಗ್ರಾಮಠಾಣದ್ದಾದರೆ ದಾಖಲೆ ಪಂಚಾಯಿತಿಯದು. 2013ರಲ್ಲಿ ಆರಂಭವಾದ ಇ-ಸ್ವತ್ತು ವ್ಯವಸ್ಥೆಯಲ್ಲಿ ನಮೂನೆ 9 ಮತ್ತು ನಮೂನೆ 11 ಕೊಡುತ್ತಾರೆ. ಅದಕ್ಕಾಗಿ ಮೋಜಣಿದಾರರು ಬಂದು ಅಳೆದ ನಕ್ಷೆ ಬೇಕಾಗುತ್ತದೆ. 2020ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನ್ ಹಾರಿಸಿ ಗ್ರಾಮಠಾಣಗಳ ನಕ್ಷೆ ಮಾಡಿದ್ದಾರೆ. ನಿಮ್ಮೂರಿನಲ್ಲಿ ಆಗಿದ್ದರೆ ಅದರ ಪ್ರತಿಯನ್ನೂ ಕೇಳಿ. ಹುಬ್ಬಳ್ಳಿ, ಧಾರವಾಡ, ಬೆಳಗಾವಿಯಂಥ ಪಟ್ಟಣದ ಹಳೆಯ ಓಣಿಗಳ ಮನೆಯಾದರೆ ಸಿಟಿ ಸರ್ವೆಯ ಉತಾರವಿರುತ್ತದೆ, ಅದರಲ್ಲಿ ಕ್ಷೇತ್ರ ಚದರ ಮೀಟರಿನಲ್ಲಿದೆ. ನಗರಗಳಲ್ಲಿಯೂ 2024ರ ಅಕ್ಟೋಬರಿನಿಂದ ಇ-ಖಾತೆಯಿಲ್ಲದೆ ನೋಂದಣಿ ನಡೆಯುವುದಿಲ್ಲ. ಮೂರನೆಯದು ಊರಂಚಿನ ಹೊಲದಲ್ಲಿ ಕಟ್ಟಿದ ಮನೆ. ಇದು ತೊಡಕಿನದು. ಪಹಣಿಯಲ್ಲಿ ಇನ್ನೂ ಜೋಳ ಬೆಳೆಯುತ್ತಿರುತ್ತದೆ! ಭೂಪರಿವರ್ತನೆಯ ಆದೇಶ ಇದೆಯೇ ನೋಡಬೇಕು. ಹೊಲವೆಂದೇ ಉಳಿದ ಸರ್ವೆ ನಂಬರಿನಲ್ಲಿ ಒಂದು ಭಾಗವನ್ನಷ್ಟೇ ಮಾರುವುದಾದರೆ 11-ಇ ನಕ್ಷೆ ಮಾಡಿಸಬೇಕು. ಇಂಥವರು ವಕೀಲರನ್ನು ಕಾಣದೆ ಸಂಚಕಾರ ಮುಟ್ಟಬಾರದು.

ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಪಹಣಿಯಾಗಲಿ ಖಾತೆಯಾಗಲಿ ನಿಮ್ಮ ಹಕ್ಕನ್ನು ಹುಟ್ಟಿಸುವುದಿಲ್ಲ. ತೆರಿಗೆ ಯಾರಿಂದ ಬರಬೇಕೆಂಬುದಕ್ಕೆ ಸರ್ಕಾರ ಇಟ್ಟ ಲೆಕ್ಕ ಅದು. ಹಕ್ಕು ಇರುವುದು ಖರೇದಿ ಪತ್ರದಲ್ಲಿ, ವಾಟ್ನಿ ಪತ್ರದಲ್ಲಿ, ವಾರಸಾದಲ್ಲಿ. ಹಾಗೆಯೇ ಋಣಭಾರ ಪತ್ರವು ನೋಂದಣಿಯಾದ ವ್ಯವಹಾರಗಳನ್ನು ತೋರಿಸುತ್ತದೆಯೇ ಹೊರತು ಗೋಡೆ ಎಲ್ಲಿದೆಯೆಂದು ತೋರಿಸುವುದಿಲ್ಲ. ಗೋಡೆಯನ್ನು ತೋರಿಸುವುದು ನಕ್ಷೆ ಒಂದೇ.

ಮೋಜಣಿದಾರರು ಬರುವ ಮೊದಲೇ ನೀವೇ ಒಂದು ಕಚ್ಚಾ ನಕ್ಷೆ ಮಾಡಬಹುದು. ಒಂದು ಟೇಪು, ಇಬ್ಬರು ಮನುಷ್ಯರು ಸಾಕು. ನಾಲ್ಕು ಬದಿಗಳನ್ನೂ ಅಳೆಯಿರಿ, ಎದುರುಬದುರು ಬದಿ ಸಮವೆಂದು ಊಹಿಸಬೇಡಿ. ಬಳಿಕ ಮೂಲೆಯಿಂದ ಮೂಲೆಗೆ ಎರಡು ಕರ್ಣಗಳನ್ನು ಅಳೆಯಿರಿ. 33 ಅಡಿ ಅಗಲ, 44 ಅಡಿ ಉದ್ದದ ಜಾಗೆಯ ಮೂಲೆಗಳು ನೇರವಾಗಿದ್ದರೆ ಎರಡು ಕರ್ಣಗಳೂ ಸರಿಯಾಗಿ 55 ಅಡಿ ಬರಬೇಕು. ಒಂದು 53, ಇನ್ನೊಂದು 57 ಬಂದರೆ ಜಾಗೆ ಓರೆಯಾಗಿದೆ; ಆಗ ಉದ್ದವನ್ನು ಅಗಲದಿಂದ ಗುಣಿಸಿದ ಕ್ಷೇತ್ರ ನಿಜವಾದದ್ದಕ್ಕಿಂತ ಹೆಚ್ಚು. 33ನ್ನು 44ರಿಂದ ಗುಣಿಸಿದರೆ 1,452 ಚದರಡಿ, ಅಂದರೆ ಒಂದು ಗುಂಟೆ ಐದೂಕಾಲು ಆಣೆಗೆ ತುಸು ಮೇಲು, ಸುಮಾರು 134.9 ಚದರ ಮೀಟರು. ಕಾಗದದಲ್ಲಿ ಗುಂಟೆ, ಉತಾರದಲ್ಲಿ ಮೀಟರು, ದಲಾಲರ ಬಾಯಲ್ಲಿ ಅಡಿ ಇರುವುದರಿಂದ ಈ ಲೆಕ್ಕವನ್ನು ಒಮ್ಮೆ ಕೈಯಾರೆ ಮಾಡಿ ನೋಡಿ.

ಮತ್ತೆ ನಮ್ಮ ಸದಸ್ಯರ ಕಡೆಗೆ ಬರೋಣ. ನಾಲ್ಕು ದಿನದ ರಜೆ ಪಡೆದು ಮೋಜಣಿಯ ದಿನ ಹಾಜರಾದರು. ಬದಿಯ ಮನೆಗಳವರಿಗೆ ಮೊದಲೇ ತಿಳಿಸಲಾಗಿತ್ತು. 1958ರ ಪತ್ರದಲ್ಲಿ ಅಳತೆಯಿರಲಿಲ್ಲವಾದರೂ ಚೆಕ್ಕುಬಂದಿ ಸ್ಪಷ್ಟವಿತ್ತು: ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಗುರುತಿನ ಕಲ್ಲು, ಅದರಾಚೆ ಇಂಥವರ ಹಿತ್ತಲು. ಕಲ್ಲು ಎಲ್ಲಿದೆ? ಯಾರಿಗೂ ಗೊತ್ತಿಲ್ಲ. ಹಿಂದಿನ ಮನೆಯ ಎಂಬತ್ತು ದಾಟಿದ ಅಜ್ಜಿಯೊಬ್ಬರು ಕೋಲೂರಿಕೊಂಡು ಬಂದು, 'ಏ ತಮ್ಮಾ, ನಿಮ್ಮಪ್ಪ ಕಲ್ಲು ಇಟ್ಟಾಗ ನಾನು ಇಲ್ಲೇ ನಿಂತಿದ್ದೆ. ನಮ್ಮ ಬಚ್ಚಲ ಗ್ವಾಡಿ ತಳದಾಗ ಐತಿ ನೋಡು' ಎಂದರು. ಅಗೆದರೆ ಕಲ್ಲು ಅಲ್ಲಿಯೇ ಇತ್ತು. ರಸ್ತೆಯಿಂದ ಅಲ್ಲಿಗೆ 44 ಅಡಿ. ಅಜ್ಜಿಯ ಮಗ ಕಟ್ಟಿಸಿದ ಬಚ್ಚಲು ಎರಡು ಅಡಿ ಈಚೆಗೆ ಬಂದಿತ್ತು. ತನ್ನ ಮಗನ ವಿರುದ್ಧವೇ ಸಾಕ್ಷಿ ಹೇಳುತ್ತಿದ್ದೇನೆಂದು ಆಕೆಗೆ ಗೊತ್ತಿತ್ತೋ ಇಲ್ಲವೋ; ಗೊತ್ತಿತ್ತೆಂದೇ ನಮ್ಮ ಸದಸ್ಯರು ಹೇಳುತ್ತಾರೆ.

ಪತ್ರದ ಚೆಕ್ಕುಬಂದಿಗೂ ಅಳತೆಗೂ ಭೇದ ಬಂದಾಗ ನ್ಯಾಯಾಲಯಗಳು ಸಾಮಾನ್ಯವಾಗಿ ಚೆಕ್ಕುಬಂದಿಯನ್ನೇ ಹಿಡಿಯುತ್ತವೆ. ಆದ್ದರಿಂದ ಪಂಚಾಯಿತಿಯ 30-40 ಎಂಬುದು ಯಾರೋ ಅಂದಾಜಿನಿಂದ ಬರೆದದ್ದೆಂದು ಸಾಧಿಸಲು ಕಷ್ಟವಾಗಲಿಲ್ಲ. ಹಾಗೆಯೇ ಮಾರಿದ್ದರೆ 1,200 ಚದರಡಿಗೆ ಮಾತ್ರ ಹಣ ಬರುತ್ತಿತ್ತು. ಅವರು ಬಚ್ಚಲ ಗೋಡೆಯ ತನಕ, ಅಂದರೆ 33ಕ್ಕೆ 42, ಒಟ್ಟು 1,386 ಚದರಡಿಯನ್ನು ಮಾರಿದರು. ಗೋಡೆ ಒಡೆಸಲು ಮನಸ್ಸಾಗಲಿಲ್ಲ. ಕೊಳ್ಳುವವರಿಗೆ ಎಲ್ಲವನ್ನೂ ಮೊದಲೇ ತಿಳಿಸಿದ್ದರಿಂದ ಅವರು ಇನ್ನೂ ಮೂರು ತಿಂಗಳು ತಾಳಿದರು, ಇಮ್ಮಡಿಯ ಮಾತೆತ್ತಲಿಲ್ಲ. ಜಾಗೆಯ ದೋಷವನ್ನು ಮುಚ್ಚಿಡದೆ ಹೇಳುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೆಯ ಕಲಮಿನಂತೆ ಮಾರುವವನ ಕರ್ತವ್ಯವೂ ಹೌದು. ಆ ಎರಡು ಅಡಿಯ ಪಟ್ಟಿ ಮಾತ್ರ ಇಂದಿಗೂ ನಮ್ಮ ಸದಸ್ಯರದೇ. ಬಾಯಿಮಾತಿನಿಂದ ಬಿಟ್ಟುಕೊಟ್ಟರೆ ಕೊಟ್ಟಂತಾಗದು, ಅದಕ್ಕೂ ನೋಂದಣಿಯಾದ ಪತ್ರ ಬೇಕು. ಅಜ್ಜಿಯ ಮಗ ಇನ್ನೂ ಬಂದಿಲ್ಲ.

ಹೊಸ ಪತ್ರ ಬರೆಸುವಾಗ ಚೆಕ್ಕುಬಂದಿಯಲ್ಲಿ ಬರಿಯ ಹೆಸರು ಬರೆಸಬೇಡಿ; ಹೆಸರಿನವರು ಸಾಯುತ್ತಾರೆ, ಮನೆ ಮಾರಿಕೊಂಡು ಹೋಗುತ್ತಾರೆ. ರಸ್ತೆ, ಬಾವಿ, ಗುಡಿಯ ಗೋಡೆ, ಪಕ್ಕದ ಸ್ವತ್ತಿನ ನಂಬರು ಇವನ್ನೂ ಸೇರಿಸಿ, ನಾಲ್ಕು ಬದಿಯ ಅಳತೆಯನ್ನು ಬೇರೆಬೇರೆಯಾಗಿ ಕಾಣಿಸಿ, ನಕ್ಷೆಯನ್ನು ಪತ್ರಕ್ಕೆ ಲಗತ್ತಿಸಿ. ಹಳೆಯ ಪತ್ರದಲ್ಲೇ ತಪ್ಪು ಅಳತೆ ಬಿದ್ದಿದ್ದರೆ, ಅಂದು ಬರೆದುಕೊಟ್ಟವರಿಂದ, ಅವರಿಲ್ಲದಿದ್ದರೆ ವಾರಸುದಾರರಿಂದ, ತಿದ್ದುಪಡಿ ಪತ್ರ ಮಾಡಿಸಬೇಕಾಗುತ್ತದೆ. ಇದಕ್ಕೆ ತಿಂಗಳುಗಳೇ ಹಿಡಿಯಬಹುದು. ಬೆಲೆಯ ಮಾತಿಗೆ ಮುಂಚೆಯೇ ಕೈಹಾಕಿ.

ಊರಿಗೆ ಹೋಗಲಾರದವರು ತಮ್ಮನಿಗೋ ಭಾವನಿಗೋ ಮುಖತ್ಯಾರ ಪತ್ರ ಕೊಡುವುದುಂಟು. ಪತ್ರವನ್ನು ನೋಂದಣಿಗೆ ಹಾಜರುಪಡಿಸುವ ಅಧಿಕಾರ ಕೊಡುವುದಾದರೆ, 1908ರ ನೋಂದಣಿ ಕಾಯ್ದೆಯ 33ನೆಯ ಕಲಮಿನಂತೆ ನೀವು ವಾಸವಾಗಿರುವ ಪ್ರದೇಶದ ಉಪನೋಂದಣಾಧಿಕಾರಿಯ ಎದುರಿಗೆ, ಅಂದರೆ ಈ ಊರಿನಲ್ಲಿಯೇ, ಅದನ್ನು ಬರೆದು ದೃಢೀಕರಿಸಿಕೊಳ್ಳಬೇಕು. ನೋಟರಿಯ ಮುದ್ರೆಯೊಂದನ್ನೇ ನಂಬಿ ಕಳುಹಿಸಿದರೆ ಕಾಗದ ಹಿಂದಕ್ಕೆ ಬಂದೀತು. ಮೋಜಣಿಗೆ ಅರ್ಜಿ ಕೊಡುವ, ಅಳತೆಯ ದಿನ ನಿಂತು ರುಜು ಮಾಡುವ ಅಧಿಕಾರವನ್ನೂ ಅದರಲ್ಲಿ ಹೆಸರಿಸಿ ಬರೆಸಿ. ಕೊಳ್ಳುವವನಿಗೇ ಮುಖತ್ಯಾರ ಕೊಟ್ಟು ಹಣ ಪಡೆದು ಕೈತೊಳೆದುಕೊಳ್ಳುವ ಹಳೆಯ ಚಾಳಿಯಿಂದ ಒಡೆತನ ವರ್ಗವಾಗುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2011ರಲ್ಲಿ ಹೇಳಿದೆ.

ನೂರು ಅಡಿಯ ಟೇಪೊಂದನ್ನು ವಾಚನಾಲಯದ ಕಪಾಟಿನಲ್ಲಿ ಇಟ್ಟಿದೆ. ಊರಿಗೆ ಹೊರಡುವವರು ಪುಸ್ತಕದಂತೆಯೇ ರುಜು ಹಾಕಿ ಒಯ್ಯಬಹುದು. ಒಯ್ದವರು ಹಿಂದಿರುಗಿದ ವಾರದೊಳಗೆ ತಂದೊಪ್ಪಿಸಬೇಕು.