ಪಲ್ಪಿಂಗ್ ನೀರಿಗೆ ಬಿಸಿಲು-ಕಬ್ಬಿಣದ ಮದ್ದು: ಲೆಕ್ಕ ತಿಳಿದು ಮುಂದುವರಿಯೋಣ



ಬೆಳಕು ಬಿದ್ದೊಡನೆ ನೀರಿನ ಕೊಳೆಯನ್ನು ಕಳೆಯುವ ಕಬ್ಬಿಣದ ಪುಡಿಯ ವಿಚಾರ ಈಗ ಅಲ್ಲಲ್ಲಿ ಕೇಳಿಬರುತ್ತಿದೆ. ಪಲ್ಪರ್ ನೀರು, ಅಡಿಕೆ ಚೊಗರು ಹಳ್ಳ ಸೇರಿದರೆ ಕೆಳಗಿನ ಊರಿನ ದನಕರುಗಳಿಗೂ ಮೀನಿಗೂ ಆಗುವ ತೊಂದರೆ ನಮಗೆ ಹೊಸತಲ್ಲ. ಆದುದರಿಂದ ಈ ವಿಧಾನದ ತತ್ವವನ್ನೂ ಖರ್ಚನ್ನೂ ಮೊದಲು ತಿಳಿದುಕೊಳ್ಳೋಣ.

ತತ್ವ

ಹುಣಸೆಹಣ್ಣಿನಲ್ಲಿರುವ ಟಾರ್ಟಾರಿಕ್ ಆಮ್ಲವನ್ನು ಹೈಡ್ರೊಜನ್ ಪೆರಾಕ್ಸೈಡ್ ಬೇಗ ಉತ್ಕರ್ಷಿಸಲು ಚಿಟಿಕೆ ಕಬ್ಬಿಣದ ಲವಣ ಸಾಕೆಂದು 1894ರಲ್ಲಿ ಇಂಗ್ಲೆಂಡಿನ ಫೆಂಟನ್ ಎಂಬ ರಸಾಯನಶಾಸ್ತ್ರಜ್ಞರು ಪ್ರಕಟಿಸಿದರು. ಕಬ್ಬಿಣವು ಪೆರಾಕ್ಸೈಡನ್ನು ಒಡೆದಾಗ ಹೈಡ್ರಾಕ್ಸಿಲ್ ಎಂಬ ಬಲು ಚುರುಕಾದ ಕಣ ಹುಟ್ಟುತ್ತದೆ. ಅದು ಎದುರು ಸಿಕ್ಕ ಸಾವಯವ ವಸ್ತುವನ್ನು ಹಂತಹಂತವಾಗಿ ಒಡೆಯುತ್ತದೆ. ಕೆಲಸ ಮಾಡಿ ಫೆರಿಕ್ ಸ್ಥಿತಿಗೆ ಬಂದ ಕಬ್ಬಿಣವನ್ನು ಬೆಳಕು ಮತ್ತೆ ಫೆರಸ್ ಸ್ಥಿತಿಗೆ ತಿರುಗಿಸಿ ಕೆಲಸಕ್ಕೆ ಹಚ್ಚುತ್ತದೆ.

ಪುಡಿ ನುಣುಪಾದಷ್ಟೂ ಮೈ ಹೆಚ್ಚು. ಮಿಲಿಮೀಟರಿನ ಲಕ್ಷದಲ್ಲೊಂದು ಭಾಗ, ಅಂದರೆ 10 ನ್ಯಾನೊಮೀಟರ್ ಗಾತ್ರದ ಕಣಗಳಾದರೆ, ಒಂದು ಗ್ರಾಂ ಕಬ್ಬಿಣದ ಆಕ್ಸೈಡಿನ ಮೇಲ್ಮೈ ಒಂದು ಗುಂಟೆಯನ್ನೂ ಮೀರುತ್ತದೆ. ಮ್ಯಾಗ್ನೆಟೈಟ್ ಪುಡಿಯಾದರೆ ಅಯಸ್ಕಾಂತದಿಂದ ಮರಳಿ ಹಿಡಿಯಬಹುದು.

ಖರ್ಚಿನ ಲೆಕ್ಕ

ಪುಡಿ ಸವೆಯುವುದು ಕಡಿಮೆ, ಸವೆಯುವುದು ಪೆರಾಕ್ಸೈಡ್. ಒಂದು ಗ್ರಾಂ ಸಿ.ಓ.ಡಿ. ಕಳೆಯಲು ಸುಮಾರು 2.1 ಗ್ರಾಂ ಶುದ್ಧ ಪೆರಾಕ್ಸೈಡ್ ಬೇಕು. ಲೀಟರಿಗೆ 5 ಗ್ರಾಂ ಸಿ.ಓ.ಡಿ. ಇರುವ ಪಲ್ಪಿಂಗ್ ನೀರು 1000 ಲೀಟರ್ ಇದೆಯೆನ್ನಿ. ಶೇಕಡಾ 50ರ ಪೆರಾಕ್ಸೈಡ್ 21 ಕಿಲೋಗ್ರಾಂ ಬೇಕಾಯಿತು! ಸಣ್ಣ ಬೆಳೆಗಾರರಿಗೆ ಇದು ನಿಲುಕುವ ಮಾತಲ್ಲ. ಅಲ್ಲದೆ ಕಪ್ಪು ನೀರಿನೊಳಗೆ ಬೆಳಕು ಇಳಿಯುವುದಿಲ್ಲ. ಚೊಗರಿನ ಟ್ಯಾನಿನ್ ಕಬ್ಬಿಣ ತಗುಲಿದರೆ ಮಸಿಯಂತಾಗುವುದನ್ನು ನಾವೆಲ್ಲ ಕಂಡಿದ್ದೇವೆ.

ಮಾರಿಕುಪ್ಪಂ ಹೇಳುವ ಎಚ್ಚರಿಕೆ

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ರೈಲಿನಲ್ಲಿ ಹೋದವರು ಕೋಲಾರ ಚಿನ್ನದ ಗಣಿಯ ಸಯನೈಡ್ ದಿಬ್ಬಗಳನ್ನು ನೋಡಿರುತ್ತಾರೆ. ಗಣಿ 2001ರಲ್ಲಿ ಮುಚ್ಚಿತು, ದಿಬ್ಬಗಳು ಉಳಿದವು. ಸಯನೈಡ್ ಕಬ್ಬಿಣದೊಡನೆ ಬೆಸೆದುಕೊಂಡಾಗ ಅದರ ವಿಷ ತಗ್ಗುತ್ತದೆ. ಆದರೆ ನೀರಿನಲ್ಲಿ ಕರಗಿದ ಆ ಸಂಯುಕ್ತಕ್ಕೆ ಬಿಸಿಲು ತಾಗಿದರೆ ಸಯನೈಡ್ ಮತ್ತೆ ಬಿಡುಗಡೆಯಾಗುತ್ತದೆ. ಅದೇ ಕಬ್ಬಿಣ, ಅದೇ ಬಿಸಿಲು; ಒಂದೆಡೆ ಮದ್ದು, ಇನ್ನೊಂದೆಡೆ ಅಪಾಯ. ರೋಗ ತಿಳಿಯದೆ ಮದ್ದು ಹಾಕಬಾರದು.

ನಾವು ಮಾಡಬೇಕಾದುದು

1. ಪಲ್ಪರಿಗೆ ನೀರು ಮಿತವಾಗಿ ಬಳಸಿ, ಬಳಸಿದ ನೀರನ್ನು ಮರಳಿ ತಿರುಗಿಸಿ. ಸಿಪ್ಪೆಯನ್ನು ಬೇರ್ಪಡಿಸಿ ಗೊಬ್ಬರದ ಗುಂಡಿಗೆ ಹಾಕಿ.

2. ಹುಳಿ ನೀರಿಗೆ ಸುಣ್ಣ ಬೆರೆಸಿ, ತಳ ಇಂಗದ ಹೊಂಡದಲ್ಲಿ ನಿಲ್ಲಿಸಿ. ಹೆಚ್ಚಿನ ಕೊಳೆಯನ್ನು ಸೂಕ್ಷ್ಮಜೀವಿಗಳೇ ಪುಕ್ಕಟೆಯಾಗಿ ತಿನ್ನುತ್ತವೆ.

3. ಕೊನೆಗೆ ಉಳಿದ ಬಣ್ಣಕ್ಕೆ ಮಾತ್ರ ಬೆಳಕು-ಕಬ್ಬಿಣದ ವಿಧಾನ ಯೋಚಿಸಬಹುದು. ಅದೂ ಆಳವಿಲ್ಲದ ತೊಟ್ಟಿಯಲ್ಲಿ, ತಿಳಿದವರ ಸಮ್ಮುಖದಲ್ಲಿ. ಪೆರಾಕ್ಸೈಡ್ ಚರ್ಮವನ್ನೂ ಕಣ್ಣನ್ನೂ ಸುಡುತ್ತದೆ.

4. ಸಾಮಾನ್ಯ ಮಾನದಂಡದಂತೆ ಹಳ್ಳಕ್ಕೆ ಬಿಡುವ ನೀರಿನ ಬಿ.ಓ.ಡಿ. ಲೀಟರಿಗೆ 30 ಮಿಲಿಗ್ರಾಂ ಮೀರಕೂಡದು. ಪರೀಕ್ಷೆ ಮಾಡಿಸದೆ ಹೊಂಡದ ಬಾಯಿ ತೆರೆಯಬೇಡಿ.

ನಮ್ಮ ಹಳ್ಳದ ನೀರು ಇನ್ನೊಬ್ಬರ ಕುಡಿಯುವ ನೀರೆಂಬುದು ನೆನಪಿರಲಿ.