ಸರ್ಕಾರಿ ನೌಕರಿ: ಮನೆಯ ಭಾಗ್ಯವೋ, ಸೀಮೆಯ ಪಾಲೋ?



ಸರ್ಕಾರಿ ನೌಕರಿಯನ್ನು ನಾವು ಒಂದು ಮನೆಯ ಭಾಗ್ಯವೆಂದಷ್ಟೇ ಎಣಿಸುತ್ತೇವೆ. ಲೆಕ್ಕ ಹಾಕಿದರೆ ಅದು ಊರಿನ ಭಾಗ್ಯವೂ ಹೌದು. ತಿಂಗಳಿಗೆ 40,000 ರೂಪಾಯಿ ಸಂಬಳದ ಶಿಕ್ಷಕರೊಬ್ಬರು ಊರಲ್ಲೇ ಮನೆ ಮಾಡಿದ್ದಾರೆಂದು ಇಟ್ಟುಕೊಳ್ಳಿ. ಅರ್ಧವೇ ಇಲ್ಲಿ ಖರ್ಚಾದರೂ ವರ್ಷಕ್ಕೆ 2,40,000 ರೂಪಾಯಿ ಕಿರಾಣಿಯವರ, ಬಟ್ಟೆಯವರ, ಹಾಲಿನವರ ಕೈ ಸೇರುತ್ತದೆ. ಮಳೆ ಕೈಕೊಟ್ಟು ಶೇಂಗಾ ಒಣಗಿದ ವರ್ಷವೂ ಅದು ನಿಲ್ಲದು. ರಾಜ್ಯದ ನಾನಾ ಕಡೆ ಕೂಡಿದ ತೆರಿಗೆ ಹೀಗೆ ಬರಸೀಮೆಗೆ ಹರಿದುಬರುತ್ತದೆ.

ಈ ಪಾಲಿನ ಜಗಳ ಹಳೆಯದು. 1969ರ ತೆಲಂಗಾಣ ಚಳವಳಿ, 1972ರ ಜೈ ಆಂಧ್ರ ಚಳವಳಿ ಎರಡರಲ್ಲೂ ನೌಕರಿಯ ಪ್ರಶ್ನೆಯಿತ್ತು. 1973ರ ಆರು ಅಂಶಗಳ ಸೂತ್ರದ ಫಲವಾಗಿ ಸಂವಿಧಾನಕ್ಕೆ 371-ಡಿ ವಿಧಿ ಸೇರಿತು. 1975ರ ರಾಷ್ಟ್ರಪತಿಗಳ ಆದೇಶವು ಕಿರಿಯ ಗುಮಾಸ್ತರ ಮಟ್ಟದ ಜಿಲ್ಲಾ ಹುದ್ದೆಗಳಲ್ಲಿ ಶೇ. 80ನ್ನು ಸ್ಥಳೀಯರಿಗೆ ಕಾದಿರಿಸಿತು.

ಸ್ಥಳೀಯರೆಂದರೆ ಯಾರು? ಆ ಆದೇಶ ಜಾತಿ, ಭಾಷೆ ಕೇಳಲಿಲ್ಲ. ಓದಿದ ಜಾಗ ಕೇಳಿತು. ಅರ್ಹತಾ ಪರೀಕ್ಷೆಯ ವರ್ಷಕ್ಕೆ ಮುಗಿಯುವಂತೆ ಸತತ ನಾಲ್ಕು ವರ್ಷ ಇಲ್ಲಿಯೇ ಓದಿರಬೇಕೆಂದಿತು.

ಗಡಿಯವರಿಗೆ ತೊಡಕು ಇಲ್ಲಿದೆ. 1953ರ ಅಕ್ಟೋಬರ್ 1ರಂದು ರಾಯದುರ್ಗ ತಾಲ್ಲೂಕು ಬಳ್ಳಾರಿ ಜಿಲ್ಲೆ ಬಿಟ್ಟು ಅನಂತಪುರಕ್ಕೆ ಸೇರಿತು. ನಂಟಸ್ತನ, ವ್ಯಾಪಾರ ಮಾತ್ರ ಆಚೆಗೇ ಉಳಿದವು. ಕನ್ನಡ ಉಳಿಯಲೆಂದು ಮಕ್ಕಳನ್ನು ಬಳ್ಳಾರಿಗೆ, ಮಡಕಶಿರಾದಿಂದ ಶಿರಾ, ಮಧುಗಿರಿಗೆ ಕಳಿಸುವವರಿದ್ದಾರೆ. ಹೈಸ್ಕೂಲನ್ನು ಆಚೆ ಮುಗಿಸಿದ ಹುಡುಗ ಈ ಅಳತೆಯಲ್ಲಿ ಇಲ್ಲಿ ಪರಸ್ಥಳದವನಾಗುತ್ತಾನೆ, ಸ್ಥಳೀಯರ ಪಾಲು ಬಿಟ್ಟು ಉಳಿದದ್ದಕ್ಕೆ ಎಲ್ಲರೊಡನೆ ಪೈಪೋಟಿ ಮಾಡಬೇಕು. ಆದರೆ ಡಿ. ಹಿರೇಹಾಳು, ರೊಳ್ಳ, ಅಮರಾಪುರ ಕಡೆಯ ಕನ್ನಡ ಶಾಲೆಯಲ್ಲೇ ಓದಿದವನು ಸ್ಥಳೀಯನೇ. ಕನ್ನಡಕ್ಕಾಗಿ ಗಡಿ ದಾಟಬೇಕಿಲ್ಲ. ಇಲ್ಲಿಯ ಕನ್ನಡ ಶಾಲೆ ತುಂಬಿದರೆ ಭಾಷೆಯೂ ಉಳಿದೀತು, ಹಕ್ಕೂ ಉಳಿದೀತು.

ಆದ್ದರಿಂದ ಟಿ.ಸಿ. ತರುವ ಮುನ್ನ ಯೋಚಿಸಿ. ನಾಲ್ಕರಿಂದ ಹತ್ತನೆಯ ತರಗತಿಯವರೆಗಿನ ವ್ಯಾಸಂಗ ಪತ್ರಗಳನ್ನು ಜೋಪಾನ ಮಾಡಿ. ಕನ್ನಡದ ಜೊತೆ ತೆಲುಗನ್ನೂ ಚೆನ್ನಾಗಿ ಕಲಿಸಿ. 2022ರ ಏಪ್ರಿಲ್ 4ರಿಂದ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ನಿಯಮಗಳೂ ತಿದ್ದುಪಡಿಯಾಗುತ್ತವೆ, ಪ್ರತಿ ನೇಮಕಾತಿಯ ಪ್ರಕಟಣೆಯನ್ನು ಪೂರ್ತಿ ಓದಿಯೇ ಅರ್ಜಿ ಹಾಕಿ.

ಕೊನೆಗೆ ನೌಕರಿ ಸಿಕ್ಕವರಿಗೊಂದು ಮಾತು. ಹುದ್ದೆ ಇಲ್ಲಿದ್ದು ಸಂಸಾರ ಬೆಂಗಳೂರಲ್ಲಿದ್ದರೆ ಸಂಬಳವೂ ಅಲ್ಲಿಗೇ ಹೋಗುತ್ತದೆ. ಸೀಮೆಯ ಪಾಲು ಸೀಮೆಗೆ ದಕ್ಕದು. ಶ್ರದ್ಧೆಯಿಂದ ಮಾಡಿದ ಕೆಲಸ ಕಾಯಕ. ಅದರ ಫಲ ಸುತ್ತಲಿನವರಿಗೂ ಮುಟ್ಟಿದರೆ ದಾಸೋಹ.



ಕಾರ್ಯದರ್ಶಿ, ಶ್ರೀಮಠ