ಬೆಂಕಿ ವಿಮೆ: ಏಜೆಂಟರು ಮತ್ತು ಬ್ರೋಕರರು ಅರಿತಿರಬೇಕಾದ ಸಂಗತಿಗಳು

ಅನೇಕ ವರ್ತಕರಿಗೆ ತಮ್ಮ ಪಾಲಿಸಿಯನ್ನು ಪೂರ್ತಿಯಾಗಿ ಓದುವ ಪ್ರಸಂಗ ಒದಗುವುದು ಗೋದಾಮಿಗೆ ಬೆಂಕಿ ತಗುಲಿದ ಮೇಲೆಯೇ. ಅಷ್ಟರಲ್ಲಿ ತಿದ್ದುಪಡಿಗೆ ಅವಕಾಶ ಉಳಿದಿರುವುದಿಲ್ಲ. ಆದುದರಿಂದ ಪಾಲಿಸಿ ಕೊಡಿಸುವ ಮಧ್ಯವರ್ತಿಗೆ ಏನು ತಿಳಿದಿರಬೇಕೆಂಬುದನ್ನು ವರ್ತಕರೂ ಸಣ್ಣ ಉದ್ಯಮಿಗಳೂ ಅರಿತಿರುವುದು ಅಗತ್ಯ.

ಏಜೆಂಟರು ವಿಮಾ ಕಂಪನಿಯ ಪ್ರತಿನಿಧಿಗಳು. ಬ್ರೋಕರರು ಗ್ರಾಹಕರ ಪ್ರತಿನಿಧಿಗಳು. ಹಲವು ಕಂಪನಿಗಳ ದರ ಹಾಗೂ ಷರತ್ತುಗಳನ್ನು ಹೋಲಿಸಿ ಸಲಹೆ ನೀಡುವುದು ಅವರ ಕರ್ತವ್ಯ. ಆದರೂ ಅವರ ಸಂಭಾವನೆ ಸಾಮಾನ್ಯವಾಗಿ ವಿಮಾ ಕಂಪನಿಯಿಂದಲೇ ಸಲ್ಲುತ್ತದೆಂಬುದು ಗಮನದಲ್ಲಿರಲಿ.

ಇಬ್ಬರಿಗೂ ಮುಖ್ಯವಾಗಿ ಬೇಕಾದುದು ಸರಕಿನ ಮೌಲ್ಯವನ್ನು ನಿರ್ಧರಿಸುವ ತಿಳಿವಳಿಕೆ. ಬ್ಯಾಂಕಿನಿಂದ 30 ಲಕ್ಷ ರೂಪಾಯಿ ಸಾಲ ಪಡೆದ ಬ್ಯಾಡಗಿಯ ಮೆಣಸಿನಕಾಯಿ ವರ್ತಕರೊಬ್ಬರು ಅಷ್ಟೇ ಮೊತ್ತಕ್ಕೆ ವಿಮೆ ಮಾಡಿಸಿದ್ದಾರೆಂದು ಇಟ್ಟುಕೊಳ್ಳಬಹುದು. ಸುಗ್ಗಿಯಲ್ಲಿ ಗೋದಾಮಿನಲ್ಲಿ 60 ಲಕ್ಷದ ಸರಕಿರುವಾಗ ಬೆಂಕಿ ಬಿದ್ದು 20 ಲಕ್ಷದ ಹಾನಿಯಾದರೆ, ನಷ್ಟವು ವಿಮಾ ಮೊತ್ತದ ಒಳಗೇ ಇದ್ದರೂ ಪೂರ್ಣ ಪರಿಹಾರ ಸಿಗದು. ಸರಾಸರಿ ಷರತ್ತಿನ ಪ್ರಕಾರ, ಅರ್ಧ ಮೌಲ್ಯಕ್ಕಷ್ಟೇ ವಿಮೆ ಇದ್ದುದರಿಂದ ನಷ್ಟದ ಅರ್ಧ, ಅಂದರೆ 10 ಲಕ್ಷ ಮಾತ್ರ ಸಲ್ಲುತ್ತದೆ. ಅದರಲ್ಲಿಯೂ ಪಾಲಿಸಿಯ ಇತರ ಕಡಿತಗಳಿರುತ್ತವೆ. ಸಾಲದ ಮೊತ್ತವನ್ನೇ ವಿಮಾ ಮೊತ್ತವೆಂದು ಬರೆದುಕೊಂಡು ಹೋಗುವ ಏಜೆಂಟರು ಬಹುಶಃ ಗೋದಾಮಿನ ಬಾಗಿಲನ್ನೂ ಕಂಡಿರುವುದಿಲ್ಲ.

2021ರ ಏಪ್ರಿಲ್ 1ರಿಂದ ಜಾರಿಗೆ ಬಂದ 'ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ' ಪಾಲಿಸಿಯು ಒಂದು ಸ್ಥಳದಲ್ಲಿ 5 ಕೋಟಿ ರೂಪಾಯಿವರೆಗಿನ ಆಸ್ತಿಗೆ ಅನ್ವಯಿಸುತ್ತದೆ. 5ರಿಂದ 50 ಕೋಟಿವರೆಗೆ 'ಭಾರತ್ ಲಘು ಉದ್ಯಮ ಸುರಕ್ಷಾ' ಇದೆ. ಇವುಗಳಲ್ಲಿ ವಿಮಾ ಮೊತ್ತದ ಕೊರತೆ ಶೇ. 15ನ್ನು ಮೀರದಿದ್ದರೆ ಸರಾಸರಿ ಕಡಿತವಿಲ್ಲ. ಮೇಲಿನ ವರ್ತಕರ ಕೊರತೆ ಶೇ. 50 ಆದುದರಿಂದ ಈ ವಿನಾಯಿತಿ ಅವರಿಗೆ ಒದಗದು. ಸರಕು ಋತುಮಾನಕ್ಕೆ ತಕ್ಕಂತೆ ಏರಿಳಿಯುವಲ್ಲಿ ನಿಯತಕಾಲಿಕವಾಗಿ ಮೌಲ್ಯವನ್ನು ಘೋಷಿಸುವ ಪದ್ಧತಿಯೂ, ಹಲವು ಗೋದಾಮುಗಳಿದ್ದಲ್ಲಿ ಎಲ್ಲಕ್ಕೂ ಒಂದೇ ಮೊತ್ತದ ವಿಮೆಯೂ ಉಂಟು. ಇವುಗಳಲ್ಲಿ ಯಾವುದು ಹೊಂದುವುದೆಂದು ದಾಸ್ತಾನು ಪುಸ್ತಕವನ್ನು ನೋಡಿ ಹೇಳಬಲ್ಲವರೇ ನಿಪುಣ ಮಧ್ಯವರ್ತಿಗಳು.

ಗೋದಾಮಿನ ವಿಳಾಸ, ಸರಕಿನ ಸ್ವರೂಪ, ಪಕ್ಕದ ಕಟ್ಟಡದಲ್ಲಿ ನಡೆಯುವ ಉದ್ಯಮ ಇವುಗಳನ್ನು ಪ್ರಸ್ತಾವನಾ ಪತ್ರದಲ್ಲಿ ಯಥಾರ್ಥವಾಗಿ ನಮೂದಿಸುವುದು ಅವಶ್ಯಕ. ಬಾಡಿಗೆಗೆ ಹಿಡಿದ ಹೊಸ ಗೋದಾಮನ್ನು ತಿಳಿಸದೇ ಇದ್ದರೆ ಅಲ್ಲಿನ ಸರಕಿಗೆ ರಕ್ಷಣೆಯಿಲ್ಲ. ಹತ್ತಿಯಂತಹ ಸರಕು ತನ್ನಷ್ಟಕ್ಕೆ ಕಾದು ಹೊತ್ತಿಕೊಂಡರೆ ಪರಿಹಾರ ದೊರಕುವುದೇ ಎಂಬುದನ್ನು ಪಾಲಿಸಿಯಲ್ಲಿ ನೋಡಿಕೊಳ್ಳುವುದು ಅಗತ್ಯ.

ವಿಮಾ ಕಾಯ್ದೆ, 1938ರ 64ವಿಬಿ ಕಲಮಿನಂತೆ ವಿಮಾಕಂತು ಮುಂಗಡವಾಗಿ ಸಲ್ಲದೆ ಕಂಪನಿಯ ಹೊಣೆ ಆರಂಭವಾಗದು. ಏಜೆಂಟರು ವಸೂಲು ಮಾಡಿದ ಕಂತನ್ನು ರಜಾದಿನಗಳನ್ನು ಬಿಟ್ಟು 24 ಗಂಟೆಗಳೊಳಗೆ ಕಂಪನಿಗೆ ಜಮೆ ಮಾಡತಕ್ಕದ್ದು. ತಮ್ಮ ಕಮಿಷನ್ನಿನಲ್ಲಿ ಪಾಲು ಬಿಟ್ಟುಕೊಡುವುದಾಗಿ ಆಶೆ ತೋರಿಸುವುದು 41ನೇ ಕಲಮಿನನ್ವಯ ನಿಷಿದ್ಧ. ಆ ರಿಯಾಯಿತಿಯನ್ನು ಸ್ವೀಕರಿಸುವ ಗ್ರಾಹಕರಿಗೂ ಈ ನಿಷೇಧ ಅನ್ವಯಿಸುತ್ತದೆ.